ಔಷಧಿ ಒಬ್ಬರದು, ಕಾಯಿಲೆ ಮನೆತನದ್ದು

ಡಾಕ್ಟರು ಬರೆದುಕೊಡುವ ಚೀಟಿಯ ಮೇಲೆ ಒಬ್ಬರದೇ ಹೆಸರಿರುತ್ತದೆ. ಹೆಸರು, ವಯಸ್ಸು, ತಾರೀಖು, ಅದರ ಕೆಳಗೆ ಮೂರೋ ನಾಲ್ಕೋ ಮಾತ್ರೆ. ಟೈಫಾಯ್ಡ್ ಜ್ವರಕ್ಕೋ ಮುರಿದ ಮೂಳೆಗೋ ಈ ಲೆಕ್ಕ ಸರಿ. ನೋವು ಯಾರದೋ ಚೀಟಿಯೂ ಅವರದೇ. ಆದರೆ ಕೆಲವು ಕಾಯಿಲೆಗಳ ಸಂಗತಿ ಹಾಗಲ್ಲ. ಚೀಟಿಯ ಮೇಲಿನ ಹೆಸರು ಒಬ್ಬರದಾದರೂ ಕಾಯಿಲೆ ಒಡಹುಟ್ಟಿದವರ, ಹೆತ್ತ ಮಕ್ಕಳ ಬಾಗಿಲಲ್ಲೂ ನಿಂತಿರುತ್ತದೆ. ಅಂಥ ಚೀಟಿಯನ್ನು ಬಟ್ಟೆಯ ಟ್ರಂಕಿನ ಅಡಿಯಲ್ಲಿ ಮುಚ್ಚಿಡುವ ಹಕ್ಕು ಆ ಒಬ್ಬರಿಗೆ ಇದೆಯೇ? ಈ ಪ್ರಶ್ನೆಯನ್ನು ನಮ್ಮ ಸಮಾಜ ಇನ್ನೂ ಬಾಯಿಬಿಟ್ಟು ಕೇಳಿಕೊಂಡಿಲ್ಲ. ನಾವು ಇಲ್ಲಿ ಕೇಳಿನೋಡೋಣ.

ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ವೈದ್ಯರು ಇದನ್ನು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪಥಿ ಎನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಅಷ್ಟು ಕಷ್ಟದ್ದಲ್ಲ. ಹೃದಯದ ಎಡಗಡೆಯ ಕೆಳಕೋಣೆಯ ಗೋಡೆ, ಅದರಲ್ಲೂ ಎಡ ಬಲ ಕೋಣೆಗಳ ನಡುವಿನ ಗೋಡೆ, ಬಿಪಿಯಂಥ ಬೇರೆ ಕಾರಣವಿಲ್ಲದೆಯೇ ದಪ್ಪವಾಗುತ್ತದೆ. ದೊಡ್ಡವರಲ್ಲಿ ಅದು 15 ಮಿಲಿಮೀಟರ್ ಮುಟ್ಟಿದರೆ ಈ ಕಾಯಿಲೆ ಎಂದು ಗುರುತಿಸುತ್ತಾರೆ. ಮನೆಯಲ್ಲಿ ಒಬ್ಬರಿಗೆ ಖಚಿತವಾದ ಮೇಲೆ ಅವರ ಒಡಹುಟ್ಟಿದವರಲ್ಲಿ 13 ಇದ್ದರೂ ಗಂಭೀರವಾಗಿ ನೋಡುತ್ತಾರೆ. ಇಂಥ ಹೃದಯ ಬಲವಾಗಿಯೇ ಹಿಂಡುತ್ತದೆ. ಸಡಿಲಗೊಂಡು ರಕ್ತ ತುಂಬಿಕೊಳ್ಳುವುದೇ ಅದಕ್ಕೆ ಕಷ್ಟ. ಕೆಲವರಲ್ಲಿ ಆ ದಪ್ಪ ಗೋಡೆ ರಕ್ತ ಹೊರಹೋಗುವ ದಾರಿಗೂ ಅಡ್ಡ ಬರುತ್ತದೆ. ಆಗ ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಹಿಡಿದಂತಾಗುವುದು, ತಲೆಸುತ್ತು, ಒಮ್ಮೊಮ್ಮೆ ಎಚ್ಚರ ತಪ್ಪುವುದು. ಇನ್ನು ಹಲವರಿಗೆ ಇದರಲ್ಲಿ ಒಂದೂ ಇರುವುದಿಲ್ಲ. ಹೃದಯ ದಪ್ಪವಾಗಿದೆ ಎಂಬುದು ಅವರಿಗೆ ಗೊತ್ತೇ ಇರುವುದಿಲ್ಲ.

1958ರಲ್ಲಿ ಲಂಡನ್ನಿನ ರೋಗಶಾಸ್ತ್ರಜ್ಞ ಡೊನಾಲ್ಡ್ ಟೀರ್, ಹಠಾತ್ತನೆ ಸತ್ತ ಕೆಲವು ಯುವಕ ಯುವತಿಯರ ಹೃದಯಗಳನ್ನು ಪರೀಕ್ಷಿಸಿ ಈ ವಿಚಿತ್ರ ದಪ್ಪವನ್ನು ಬರೆದಿಟ್ಟರು. ಎರಡೇ ವರ್ಷದಲ್ಲಿ, ಅದು ಒಂದೇ ಕುಟುಂಬದ ಹಲವರಲ್ಲಿ ಕಾಣಿಸಿಕೊಳ್ಳುತ್ತದೆ ಎಂಬ ವರದಿ ಬಂತು. 1990ರ ಹೊತ್ತಿಗೆ ಇದಕ್ಕೆ ಕಾರಣವಾದ ಮೊದಲ ವಂಶವಾಹಿಯ ದೋಷವೂ ಪತ್ತೆಯಾಯಿತು. ಅಮೆರಿಕದಲ್ಲಿ 1995ರಲ್ಲಿ ಪ್ರಕಟವಾದ ಅಧ್ಯಯನವೊಂದು ಸುಮಾರು 500 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ ಎಂದಿತು. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4 ಲಕ್ಷ 35 ಸಾವಿರ. ಅದೇ ಪ್ರಮಾಣ ಹಿಡಿದರೆ ಈ ಒಂದು ಊರಿನಲ್ಲೇ ಎಂಟುನೂರಕ್ಕೂ ಹೆಚ್ಚು ಮಂದಿ ಆಗುತ್ತಾರೆ. ಇದು ಎಣಿಸಿದ ಸಂಖ್ಯೆಯಲ್ಲ, ಬರೀ ಗುಣಾಕಾರ ಭಾಗಾಕಾರ. ಆದರೂ ಇದು ಎಲ್ಲೋ ದೂರದ, ಅಪರೂಪದ ಕಾಯಿಲೆಯಲ್ಲ ಎಂದು ತಿಳಿಯಲು ಅಷ್ಟು ಸಾಕು.

ಇದು ಬರುವ ಬಗೆಯನ್ನೂ ಅರಿಯಬೇಕು. ನಾವು ಪ್ರತಿಯೊಬ್ಬರೂ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಪಡೆದು ಹುಟ್ಟಿದವರು. ಈ ಕಾಯಿಲೆಗೆ ಇಬ್ಬರೂ ಬೇಕಿಲ್ಲ. ತಂದೆ ತಾಯಿಯರಲ್ಲಿ ಯಾರೋ ಒಬ್ಬರಲ್ಲಿ ಈ ದೋಷವಿದ್ದರೂ ಹುಟ್ಟುವ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಗಂಡು ಹೆಣ್ಣೆಂಬ ಭೇದವಿಲ್ಲ. ದೋಷ ಬಂದವರಿಗೆಲ್ಲ ಕಾಯಿಲೆ ಬಂದೇ ಬರುತ್ತದೆ ಎಂದೂ ಇಲ್ಲ. ಕೆಲವರಿಗೆ ಇಪ್ಪತ್ತರಲ್ಲಿ, ಕೆಲವರಿಗೆ ಐವತ್ತರಲ್ಲಿ, ಕೆಲವರಿಗೆ ಎಂದೂ ಇಲ್ಲ.

ಈಗ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹರಿಹರದಲ್ಲಿ ಒಂದು ಸಾಧಾರಣ ಕುಟುಂಬ. ಹಿರಿಯ ಮಗನಿಗೆ ನಲವತ್ತು ವಯಸ್ಸು, ಸಣ್ಣ ಅಂಗಡಿ. ಎರಡನೆಯವನು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕೆ ಹೋಗುತ್ತಾನೆ. ಕೊನೆಯವಳು ತಂಗಿ, ಅವಳಿಗೆ ರಿಶ್ತಾ ಬರುತ್ತಿದೆ. ತಂದೆ ಮೂವತ್ತೆಂಟಕ್ಕೇ ಒಂದು ಬೆಳಗ್ಗೆ ಕುಸಿದು ಹೋದವರು. ಹಿರಿಯನಿಗೆ ಏದುಸಿರು ಬಂದು ದಾವಣಗೆರೆಗೆ ಹೋಗಿ ಎಕೋ ಮಾಡಿಸಿದಾಗ ಗೋಡೆ ದಪ್ಪವಾಗಿರುವುದು ಗೊತ್ತಾಯಿತು. ಡಾಕ್ಟರು ಮಾತ್ರೆ ಬರೆದರು. “ನಿಮ್ಮ ತಮ್ಮ, ತಂಗಿ, ಮಕ್ಕಳನ್ನೂ ಒಮ್ಮೆ ಕರೆದುಕೊಂಡು ಬನ್ನಿ” ಎಂದರು. ಮಾತ್ರೆಯ ಚೀಟಿ ಮನೆಗೆ ಬಂತು. ಆ ಮಾತು ಮಾತ್ರ ಹರಿಹರಕ್ಕೆ ಬರುವ ದಾರಿಯಲ್ಲೇ ಉಳಿಯಿತು. ಈ ಮನೆ ಕಾಲ್ಪನಿಕ. ಆದರೆ ಇಂಥ ಮನೆಯನ್ನು ನಾವು ಯಾರೂ ಕಂಡಿಲ್ಲವೆನ್ನಲಾರೆವು.

ಆ ಚೀಟಿಯಲ್ಲಿ ಏನಿರುತ್ತದೆ ಎಂಬುದನ್ನು ನೋಡಿದರೆ ನಮ್ಮ ಪ್ರಶ್ನೆಯ ತೂಕ ಗೊತ್ತಾಗುತ್ತದೆ. ಬಹುಪಾಲು ಮೊದಲು ಬರೆಯುವುದು ಬೀಟಾ ಬ್ಲಾಕರ್ ಗುಂಪಿನ ಮಾತ್ರೆ. ಮೆಟೊಪ್ರೊಲಾಲ್, ಪ್ರೊಪ್ರನಲಾಲ್, ಅಟೆನಲಾಲ್ ಇವೆಲ್ಲ ಆ ಗುಂಪಿನವು. ಪ್ರೊಪ್ರನಲಾಲನ್ನು ಕಂಡುಹಿಡಿದವರು ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿ. ಅವರಿಗೆ 1988ರಲ್ಲಿ ನೊಬೆಲ್ ಬಹುಮಾನ ಬಂತು. ಈ ಮಾತ್ರೆಗಳು ಹೃದಯದ ಓಟವನ್ನು ನಿಧಾನಗೊಳಿಸುತ್ತವೆ. ಓಟ ನಿಧಾನವಾದಾಗ ತುಂಬಿಕೊಳ್ಳಲು ಸಮಯ ಸಿಗುತ್ತದೆ, ಹಿಂಡುವ ರಭಸವೂ ತಗ್ಗುತ್ತದೆ. ಆಸ್ತಮಾ ಇದ್ದವರಿಗೆ ಅಥವಾ ಈ ಮಾತ್ರೆ ಒಗ್ಗದವರಿಗೆ ವೆರಾಪಮಿಲ್‌ನಂಥದ್ದನ್ನು ಕೊಡುತ್ತಾರೆ. ಅಡೆತಡೆ ಜಾಸ್ತಿಯಿದ್ದರೆ ಡೈಸೊಪಿರಮೈಡ್ ಎಂಬ ಇನ್ನೊಂದನ್ನು ಸೇರಿಸುವುದುಂಟು. ಹೃದಯದ ಲಯ ತಪ್ಪಿದವರಿಗೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧಿ. ಔಷಧಿ ಸಾಲದೆ ಹೋದರೆ ಶಸ್ತ್ರಚಿಕಿತ್ಸೆ ಇದೆ.

ಇವುಗಳಲ್ಲಿ ಬೀಟಾ ಬ್ಲಾಕರ್‌ಗಳು ಹಳೆಯ, ಅಗ್ಗದ ಮಾತ್ರೆಗಳು. ಜನೌಷಧಿ ಅಂಗಡಿಯಲ್ಲಿಯೂ ಸಿಗುತ್ತವೆ. ಆದ್ದರಿಂದ ಇಲ್ಲಿ ಅಡ್ಡ ಬರುವುದು ದುಡ್ಡು ಒಂದೇ ಅಲ್ಲ. ಎರಡು ತಿಂಗಳು ನುಂಗಿ ಹಗುರವೆನಿಸಿತು, ಬಿಟ್ಟೆವು. ಸುಸ್ತಾಯಿತು, ಬಿಟ್ಟೆವು. ಗಂಡ ಹೆಂಡಿರ ನಡುವೆ ಹೇಳಿಕೊಳ್ಳಲಾರದ ನಿಶ್ಶಕ್ತಿ ಬಂತು, ಡಾಕ್ಟರಿಗೆ ಹೇಳಲು ನಾಚಿ ಅದನ್ನೂ ಬಿಟ್ಟೆವು. ಹೇಳಿದ್ದರೆ ಅವರು ಪ್ರಮಾಣ ಇಳಿಸುತ್ತಿದ್ದರು, ಇಲ್ಲವೇ ಮಾತ್ರೆ ಬದಲಿಸುತ್ತಿದ್ದರು. ಬೀಟಾ ಬ್ಲಾಕರನ್ನು ಥಟ್ಟನೆ ನಿಲ್ಲಿಸಿದರೆ ಹೃದಯ ಮತ್ತೆ ನಾಗಾಲೋಟಕ್ಕೆ ಬೀಳುತ್ತದೆ, ಅದು ಅಪಾಯ. ಇನ್ನು ಕೆಲವರು ಐದು ವರ್ಷದ ಹಿಂದಿನ ಚೀಟಿಯನ್ನೇ ಅಂಗಡಿಯಲ್ಲಿ ತೋರಿಸಿ ನುಂಗುತ್ತಲೇ ಇರುತ್ತಾರೆ. ಆ ಐದು ವರ್ಷದಲ್ಲಿ ಹೃದಯ ಬದಲಾಗಿದೆಯೋ ಇಲ್ಲವೋ ನೋಡಿದವರಿಲ್ಲ.

ಈ ಮಾತ್ರೆಗಳ ಬಗ್ಗೆ ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಇವು ಏದುಸಿರು, ಎದೆನೋವು ಕಡಿಮೆ ಮಾಡುತ್ತವೆ. ಆದರೆ ಹಠಾತ್ ಸಾವನ್ನು ತಡೆಯುತ್ತವೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಅಂಥ ಅಪಾಯ ಹೆಚ್ಚಿರುವವರನ್ನು ಗುರುತಿಸಿ ಎದೆಯ ಚರ್ಮದಡಿ ಐಸಿಡಿ ಎಂಬ ಉಪಕರಣ ಇಡುತ್ತಾರೆ. ಲಯ ತಪ್ಪಿದಾಗ ಅದು ತಾನೇ ವಿದ್ಯುತ್ ಕೊಟ್ಟು ಹೃದಯವನ್ನು ಸರಿಪಡಿಸುತ್ತದೆ. ಯಾರಿಗೆ ಅಪಾಯ ಹೆಚ್ಚು ಎಂದು ತೀರ್ಮಾನಿಸಲು ಡಾಕ್ಟರು ಕೇಳುವ ಪ್ರಶ್ನೆಗಳಲ್ಲಿ ಒಂದು: ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡವರು ಇದ್ದಾರೆಯೇ? ಅಂದರೆ ಮನೆಯ ಮಾತೇ ಇಲ್ಲಿ ಒಂದು ಪರೀಕ್ಷೆ. ನಮ್ಮ ಹರಿಹರದ ಮನೆಯವರು ತಂದೆಯ ಸಾವನ್ನು ‘ಗ್ಯಾಸ್ ಆಗಿತ್ತು’ ಎಂದು ಹೇಳುತ್ತ ಬಂದಿದ್ದರೆ ಆ ಪರೀಕ್ಷೆ ತಪ್ಪು ಉತ್ತರ ಕೊಡುತ್ತದೆ.

ಇನ್ನೊಂದು ಕಡೆ, ಯಾವ ತೊಂದರೆಯೂ ಇಲ್ಲದ ತಮ್ಮನಿಗೋ ಹತ್ತು ವರ್ಷದ ಮಗನಿಗೋ ‘ಇರಲಿ’ ಎಂದು ಮಾತ್ರೆ ಕೊಟ್ಟರೆ ಲಾಭವಿದೆ ಎಂಬುದೂ ಸಾಬೀತಾಗಿಲ್ಲ. ಅವರಿಗೆ ಬೇಕಾದದ್ದು ಮಾತ್ರೆಯಲ್ಲ, ಸುದ್ದಿ. ಆ ಸುದ್ದಿ ತಲುಪಿದರೆ ಇಸಿಜಿ, ಎಕೋ ಮಾಡಿಸಿಕೊಳ್ಳುತ್ತಾರೆ. ಮೊದಲ ಸಲ ಏನೂ ಕಾಣದಿದ್ದರೂ ಮಕ್ಕಳಾದರೆ ಒಂದೆರಡು ವರ್ಷಕ್ಕೊಮ್ಮೆ, ದೊಡ್ಡವರಾದರೆ ಮೂರರಿಂದ ಐದು ವರ್ಷಕ್ಕೊಮ್ಮೆ ನೋಡಿಸಿಕೊಳ್ಳುತ್ತಾರೆ. ನಮಗೆ ಇಡೀ ವಿಷಯದ ಗಂಟು ಇಲ್ಲಿದೆ ಎನಿಸುತ್ತದೆ. ನೋಯುವವನಿಗೆ ಔಷಧಿ ಸಲ್ಲಬೇಕು, ಇನ್ನೂ ನೋಯದವನಿಗೆ ಸುದ್ದಿ ಸಲ್ಲಬೇಕು. ಮೊದಲನೆಯದನ್ನು ಡಾಕ್ಟರು ಕೊಡಬಲ್ಲರು. ಎರಡನೆಯದನ್ನು ಕೊಡಬಲ್ಲವನು ಆ ರೋಗಿ ಒಬ್ಬನೇ.

ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಸುದ್ದಿಯನ್ನು ಮುಚ್ಚಿಡುತ್ತೇವೆ, ಮಾತ್ರೆಯನ್ನು ಹಂಚಿಕೊಳ್ಳುತ್ತೇವೆ! ತಮ್ಮನಿಗೂ ಎದೆ ಬಡಿದುಕೊಂಡಿತೆಂದರೆ ಅಣ್ಣನ ಡಬ್ಬಿಯಿಂದಲೇ ಒಂದು ತೆಗೆದು ಕೊಡುತ್ತೇವೆ. ಆ ತಮ್ಮನಿಗೆ ಆಸ್ತಮಾ ಇದ್ದರೆ ಅಣ್ಣನಿಗೆ ಮದ್ದಾದದ್ದು ಅವನಿಗೆ ಉಸಿರುಗಟ್ಟಿಸಬಹುದು. ಇನ್ನೂ ಒಂದು ರೂಢಿಯಿದೆ. ಎದೆನೋವು ಎಂದ ಕೂಡಲೇ ಪಕ್ಕದ ಮನೆಯಿಂದ ಸಾರ್ಬಿಟ್ರೇಟ್ ತಂದು ನಾಲಿಗೆಯಡಿ ಇಡುವುದು. ರಕ್ತನಾಳ ಕಟ್ಟಿಕೊಂಡ ಹೃದಯಕ್ಕೆ ಅದು ಆಸರೆ. ಆದರೆ ದಪ್ಪಗೋಡೆ ದಾರಿಗೆ ಅಡ್ಡ ಬಂದಿರುವ ಹೃದಯದಲ್ಲಿ ಅದು ಅಡೆತಡೆಯನ್ನು ಹೆಚ್ಚಿಸಿ ಆಸಾಮಿಯನ್ನು ಅಲ್ಲೇ ಬೀಳಿಸಬಹುದು. ಬಿಪಿಗೆ ಕೊಡುವ ಆಮ್ಲೊಡಿಪಿನ್‌ನಂಥ ಮಾತ್ರೆಯೂ ಇಂಥವರಿಗೆ ಕೂಡದೆ ಬರಬಹುದು. ಕಾಯಿಲೆಯ ಹೆಸರನ್ನು ಮನೆಯವರಿಂದಲೇ ಬಚ್ಚಿಟ್ಟವನಿಗೆ, ಅವನು ಪ್ರಜ್ಞೆಯಿಲ್ಲದೆ ಮಲಗಿದ್ದಾಗ, ಇದನ್ನು ಕೊಡಬೇಡಿ ಎಂದು ಹೇಳಲು ಯಾರಿರುತ್ತಾರೆ?

ನಾವು ಬಚ್ಚಿಡುವುದು ಏಕೆ? ಕೆಟ್ಟತನದಿಂದಲ್ಲ, ಹೆದರಿಕೆಯಿಂದ. ಸಕ್ಕರೆ ಕಾಯಿಲೆಯ ಬಗ್ಗೆ ಮದುವೆಯ ಊಟದ ಸಾಲಿನಲ್ಲೂ ಮಾತಾಡುವ ನಾವು ಹೃದಯದ ಹೆಸರೆತ್ತಿದರೆ ದನಿ ತಗ್ಗಿಸುತ್ತೇವೆ. ಅದರಲ್ಲೂ ‘ಖಾನ್‌ದಾನಿ ಬೀಮಾರಿ’ ಎಂಬ ಮಾತು ಬಂದರೆ ಮುಗಿಯಿತು. ಅಣ್ಣನ ಕಾಯಿಲೆ ತಂಗಿಯ ರಿಶ್ತಾಕ್ಕೆ ಕಲ್ಲಾಗುತ್ತದೆ. ತಾಯಿ ಮಗನಿಗೆ ಹೇಳುತ್ತಾಳೆ, “ಬೇಟಾ, ನಿನ್ನ ತಂಗಿಯ ನಿಕಾಹ್ ಆಗುವವರೆಗೆ ಸುಮ್ಮನಿರು.” ಆ ತಾಯಿಯನ್ನು ದೂರುವುದು ಸುಲಭ. ಮುರಿದ ಸಂಬಂಧದ ನೋವು ಉಂಡವಳು ಅವಳು, ನಾವಲ್ಲ. ಹೇಳಿಬಿಡಿ ಎಂದು ಉಪದೇಶಿಸುವವರು ಮೊದಲು ಈ ಭಯಕ್ಕೆ ಗೌರವ ಕೊಡಬೇಕು.

ಆದರೆ ಆ ಮೌನದ ಬೆಲೆಯನ್ನೂ ಲೆಕ್ಕ ಹಾಕೋಣ. ತಂಗಿಯೂ ಅದೇ ದೋಷ ಹೊತ್ತಿದ್ದಾಳೆ, ಅವಳಿಗೂ ಮಾತ್ರೆ ಶುರುವಾಗಿದೆ ಎಂದುಕೊಳ್ಳಿ. ಹೇಳದೆ ನಿಕಾಹ್ ಮಾಡಿ ಕಳಿಸಿದೆವು. ಅತ್ತೆಮನೆಯ ಎರಡು ಕೋಣೆಯಲ್ಲಿ ಅವಳು ಮಾತ್ರೆ ಇಡುವುದೆಲ್ಲಿ, ನುಂಗುವುದು ಯಾವಾಗ? ಗುಟ್ಟು ಉಳಿಯಬೇಕಾದರೆ ಮಾತ್ರೆ ನಿಲ್ಲಬೇಕು. ಮುಂದೆ ಬಸುರಿಯಾದಾಗ? ಈ ಕಾಯಿಲೆಯಿರುವ ಬಹಳಷ್ಟು ಹೆಂಗಸರು ಸುಖವಾಗಿ ಹೆರುತ್ತಾರೆ. ಆದರೆ ಅದಕ್ಕೆ ಹೃದಯದ ವೈದ್ಯರ ಕಣ್ಗಾವಲು ಬೇಕು, ಕೆಲವು ಔಷಧಿಗಳನ್ನು ಬದಲಿಸಬೇಕು. ಏನೂ ಗೊತ್ತಿಲ್ಲದ ಗಂಡ ಏನೂ ಗೊತ್ತಿಲ್ಲದ ಡಾಕ್ಟರ ಬಳಿ ಅವಳನ್ನು ಕರೆದುಕೊಂಡು ಹೋಗುತ್ತಾನೆ. ಮನೆತನದ ಮರ್ಯಾದೆ ಉಳಿಸಲು ನಾವು ಅಡವಿಟ್ಟದ್ದು ಆ ಹುಡುಗಿಯ ಉಸಿರನ್ನು. ಹುಡುಗನ ವಿಷಯದಲ್ಲಾದರೆ ಬಚ್ಚಿಡುವುದು ಇನ್ನೂ ಸಲೀಸು. ನಾಳೆ ವಿಧವೆಯಾಗುವವಳು ಬೇರೆ ಮನೆಯ ಮಗಳು ತಾನೆ!

ಪ್ರವಾದಿ(ಸ) ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಂದಕ್ಕೆ ಕೈ ಹಾಕಿದರು; ಒಳಗೆ ತೇವ ಸಿಕ್ಕಿತು. ಮಳೆ ಬಿದ್ದಿತ್ತು ಎಂದ ವ್ಯಾಪಾರಿಗೆ, ಹಾಗಾದರೆ ಒದ್ದೆ ಕಾಳನ್ನು ಜನ ನೋಡುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಕೇಳಿದರು. ಮೋಸ ಮಾಡುವವನನ್ನು ತಮ್ಮವನೆಂದು ಒಪ್ಪಲಿಲ್ಲ. ದಾವಣಗೆರೆಯ ಮೆಕ್ಕೆಜೋಳದ ಮಾರುಕಟ್ಟೆ ಕಂಡವರಿಗೆ ಈ ಹದೀಸ್ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮನುಷ್ಯರು ಕಾಳಿನ ರಾಶಿಯಲ್ಲ. ಒದ್ದೆ ಕಾಳಿಗೆ ಬೆಲೆ ಇಳಿಯುತ್ತದೆ, ಕಾಯಿಲೆಯಿಂದ ಮನುಷ್ಯರ ಬೆಲೆ ಇಳಿಯಬಾರದು. ಬಚ್ಚಿಡುವವನದು ತಪ್ಪಾದರೆ, ಹೇಳಿದವಳನ್ನು ಒದ್ದೆ ಕಾಳಿನಂತೆ ಪಕ್ಕಕ್ಕೆ ತಳ್ಳುವ ನಮ್ಮದೂ ತಪ್ಪೇ. ಎರಡನೆಯ ತಪ್ಪು ಇರುವವರೆಗೆ ಮೊದಲನೆಯದು ನಿಲ್ಲುವುದಿಲ್ಲ.

ಇನ್ನೊಬ್ಬರ ಕೊರತೆ ಹೇಳುವುದು ಗೀಬತ್ ಅಲ್ಲವೇ ಎಂದು ಕೇಳುವವರಿದ್ದಾರೆ. ಫಾತಿಮಾ ಬಿಂತ್ ಕೈಸ್(ರ) ತಮಗೆ ಬಂದ ಮದುವೆಯ ಪ್ರಸ್ತಾಪಗಳ ಬಗ್ಗೆ ಸಲಹೆ ಕೇಳಿದಾಗ ಪ್ರವಾದಿ(ಸ) ಆ ವರರ ಬಗ್ಗೆ ಇದ್ದದ್ದನ್ನು ಇದ್ದಂತೆ ಹೇಳಿದರು. ಒಬ್ಬರು ಬಡವರು, ಇನ್ನೊಬ್ಬರದು ಕಠಿಣ ಸ್ವಭಾವ ಎಂದು. ಇದನ್ನು ಆಧರಿಸಿಯೇ ವಿದ್ವಾಂಸರು, ಮದುವೆಯ ಸಲಹೆ ಕೇಳಿದಾಗ ಸತ್ಯ ಹೇಳುವುದು ಗೀಬತ್ ಅಲ್ಲ, ಹಿತವಚನ ಎಂದಿದ್ದಾರೆ. ಆದರೆ ಅಲ್ಲಿ ಹೇಳಿದ್ದು ಯಾರಿಗೆ ಎಂಬುದನ್ನು ಗಮನಿಸಬೇಕು. ಕೇಳಿದ ಆ ಒಬ್ಬ ಹೆಣ್ಣುಮಗಳಿಗೆ, ಊರಿಗಲ್ಲ.

ಆದ್ದರಿಂದ ಹೇಳುವುದಕ್ಕೂ ಒಂದು ಅಳತೆಯಿದೆ. ರಕ್ತ ಹಂಚಿಕೊಂಡವರಿಗೆ ತಿಳಿಯುವ ಹಕ್ಕಿದೆ, ಏಕೆಂದರೆ ಆ ಸುದ್ದಿ ಅವರ ಜೀವಕ್ಕೆ ಸಂಬಂಧಿಸಿದ್ದು. ಬಾಳು ಹಂಚಿಕೊಳ್ಳಲಿರುವವರಿಗೆ ತಿಳಿಯುವ ಹಕ್ಕಿದೆ, ಏಕೆಂದರೆ ಅವರ ನಾಳೆ ಅದರಲ್ಲಿದೆ. ಮೊಹಲ್ಲಾದವರಿಗೆ, ಅಂಗಡಿಯ ಗಿರಾಕಿಗಳಿಗೆ, ಕೆಲಸ ಕೊಟ್ಟ ಮಾಲೀಕರಿಗೆ ಎಲ್ಲ ವಿವರ ಹೇಳಬೇಕಾಗಿಲ್ಲ. ಕೇಳಿಸಿಕೊಂಡವರ ಕೈಯಲ್ಲಿ ಆ ಮಾತು ಅಮಾನತ್. ಸಂಬಂಧ ಬೇಡವೆನಿಸಿದರೆ ಬೇಡವೆನ್ನಲಿ, ಅದು ಅವರ ಹಕ್ಕು. ಕಾರಣವನ್ನು ಹೊತ್ತುಕೊಂಡು ಇನ್ನೂ ನಾಲ್ಕು ಮನೆಗೆ ಹಂಚಿದರೆ ಅದು ವಿಶ್ವಾಸದ್ರೋಹ. ಹೇಳುವವರ ಮಾತಿನಲ್ಲೂ ಪೂರ್ತಿ ಸತ್ಯವಿರಲಿ. ಸರಿಯಾದ ಚಿಕಿತ್ಸೆಯಲ್ಲಿರುವವರಲ್ಲಿ ಈ ಕಾಯಿಲೆಯಿಂದ ಸಾಯುವವರು ವರ್ಷಕ್ಕೆ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಬಹಳಷ್ಟು ಜನ ಪೂರ್ಣ ಆಯುಷ್ಯ ಬದುಕುತ್ತಾರೆ. ಅದೂ ಸತ್ಯದ ಭಾಗವೇ.

‘ನಮ್ಮ ಖಾನ್‌ದಾನಿನ ಕಳಂಕ’ ಎಂದು ಕುಗ್ಗುವವರಿಗೆ ಹೈದರಾಬಾದಿನಿಂದ ಒಂದು ಉತ್ತರ ಬಂದಿದೆ. ಅಲ್ಲಿನ ಸಿಸಿಎಂಬಿ ಸಂಸ್ಥೆಯ ತಂಗರಾಜ್ ಮುಂತಾದ ವಿಜ್ಞಾನಿಗಳು 2009ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಹೃದಯಸ್ನಾಯುವಿನ ಒಂದು ಪ್ರೋಟೀನಿನ ವಂಶವಾಹಿಯಲ್ಲಿ 25 ಅಕ್ಷರಗಳಷ್ಟು ಭಾಗ ಬಿಟ್ಟುಹೋಗಿರುವುದು ಭಾರತೀಯರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಕಂಡುಬಂದಿತು. ಈಶಾನ್ಯ ಭಾರತದವರನ್ನು ಬಿಟ್ಟರೆ ಉಪಖಂಡದ ಉದ್ದಗಲಕ್ಕೂ, ಪಾಕಿಸ್ತಾನ ಶ್ರೀಲಂಕಾಗಳಲ್ಲೂ ಅದು ಇದೆ. ಹುಟ್ಟಿದ್ದು ಸುಮಾರು 33 ಸಾವಿರ ವರ್ಷಗಳ ಹಿಂದೆ ಎಂದು ಅವರ ಅಂದಾಜು. ಇದೊಂದೇ ಎಷ್ಟರಮಟ್ಟಿಗೆ ರೋಗ ತರುತ್ತದೆ ಎಂಬ ಬಗ್ಗೆ ನಂತರದ ಅಧ್ಯಯನಗಳಲ್ಲಿ ಚರ್ಚೆ ನಡೆದಿದೆ. ಇದನ್ನು ಹೊತ್ತ ಬಹುಪಾಲು ಜನ ಆರಾಮವಾಗಿಯೇ ಇರುತ್ತಾರೆ. ನಮಗೆ ಇಲ್ಲಿ ಮುಖ್ಯವಾದದ್ದು ಆ ವರ್ಷಗಳ ಸಂಖ್ಯೆ. 33 ಸಾವಿರ ವರ್ಷಗಳ ಹಿಂದೆ ಇಂದಿನ ಯಾವ ಧರ್ಮವೂ ಇರಲಿಲ್ಲ, ಯಾವ ಜಾತಿಯೂ ಇರಲಿಲ್ಲ. ಹರಿಹರೇಶ್ವರ ದೇವಸ್ಥಾನದ ಬೀದಿಯವರೂ ಮಸೀದಿಯ ಓಣಿಯವರೂ ಆರೋಗ್ಯಮಾತೆಯ ಚರ್ಚಿಗೆ ಹೋಗುವವರೂ ಇದನ್ನು ಪಡೆದದ್ದು ಒಂದೇ ಮುತ್ತಜ್ಜನಿಂದ. ಹಾಗಿರುವಾಗ ಇದು ಯಾವ ಮನೆತನದ ಕಳಂಕ?

ರಕ್ತಸಂಬಂಧದಲ್ಲಿ ಮದುವೆ ಮಾಡಿಕೊಳ್ಳುವುದರಿಂದಲೇ ಇದು ಬರುತ್ತದೆ ಎಂದು ನಮ್ಮತ್ತ ಬೆರಳು ತೋರಿಸುವವರೂ ಇದ್ದಾರೆ. ಸೋದರಮಾವನನ್ನೂ ಅತ್ತೆಯ ಮಗನನ್ನೂ ಮದುವೆಯಾಗುವ ರೂಢಿ ಕನ್ನಡ ನಾಡಿನ ಹಲವು ಹಿಂದೂ ಸಮುದಾಯಗಳಲ್ಲೂ ಉಂಟು. ಈ ಕಾಯಿಲೆ ದಾಟಲು ಒಬ್ಬ ತಂದೆಯೋ ಒಬ್ಬ ತಾಯಿಯೋ ಸಾಕು ಎಂದು ಮೇಲೆ ಹೇಳಿದೆವು. ಆದರೆ ಅದೇ ದೋಷ ಎರಡೂ ಕಡೆಯಿಂದ ಮಗುವಿಗೆ ಬಂದರೆ ಕಾಯಿಲೆ ಬೇಗ ಬರುತ್ತದೆ, ಉಗ್ರವಾಗಿ ಬರುತ್ತದೆ. ಸಂಬಂಧಿಕರ ನಡುವಿನ ಮದುವೆಯಲ್ಲಿ ಆ ಸಾಧ್ಯತೆ ಹೆಚ್ಚು. ಒಂದು ಮನೆಯಲ್ಲಿ ಕಾಯಿಲೆ ಇದೆ ಎಂದು ಗೊತ್ತಿದ್ದೂ ಚಾಚಾನ ಮಗಳನ್ನೇ ತರುವ ಮೊದಲು ಇಬ್ಬರಿಗೂ ಪರೀಕ್ಷೆ ಮಾಡಿಸದಿದ್ದರೆ ಅದು ಹುಟ್ಟಲಿರುವ ಮಗುವಿಗೆ ಮಾಡುವ ಅನ್ಯಾಯ.

‘ತಕ್ದೀರ್‌ನಲ್ಲಿದ್ದದ್ದು ಆಗುತ್ತದೆ’ ಎಂದು ನಮ್ಮಲ್ಲಿ, ‘ಹಣೆಬರಹ’ ಎಂದು ಅಕ್ಕಪಕ್ಕದವರಲ್ಲಿ, ಒಂದೇ ನಿಟ್ಟುಸಿರು. ಹಜ್ರತ್ ಉಮರ್(ರ) ಸಿರಿಯಾದ ಕಡೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹಬ್ಬಿದೆ ಎಂದು ತಿಳಿದು ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುತ್ತೀರಾ ಎಂದು ಅಬೂ ಉಬೈದಾ(ರ) ಕೇಳಿದರು. ಅವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಎಂಬುದು ಉಮರ್ ಕೊಟ್ಟ ಉತ್ತರ. ಕಾಯಿಲೆ ತಕ್ದೀರ್ ಆದರೆ ಎಕೋ ಯಂತ್ರವೂ ಮಾತ್ರೆಯೂ ತಕ್ದೀರೇ.

ಗುಟ್ಟಿನ ಭಾರ ಹೆಚ್ಚಾಗಿ ತಿಳಿಯುವುದು ರಮಝಾನಿನಲ್ಲಿ. ಕಾಯಿಲೆಯವರಿಗೆ ರೋಝಾದಿಂದ ಕುರ್‌ಆನ್ ಸ್ಪಷ್ಟವಾಗಿ ರಿಯಾಯಿತಿ ಕೊಟ್ಟಿದೆ. ಕಾಲು ಮುರಿದವನಿಗೆ ಆ ರಿಯಾಯಿತಿ ಸಲೀಸಾಗಿ ಸಿಗುತ್ತದೆ. ಎದೆಯೊಳಗಿನ ಗೋಡೆ ಯಾರಿಗೂ ಕಾಣುವುದಿಲ್ಲ. ಗಟ್ಟಿಮುಟ್ಟಾಗಿ ಕಾಣುವ ಭಟ್ಟಿಯ ಹುಡುಗ ರೋಝಾ ಇಟ್ಟಿಲ್ಲವೆಂದರೆ ಹತ್ತು ಕಣ್ಣು ಅವನ ಮೇಲೆ. ಅಡೆತಡೆಯಿರುವ ಹೃದಯಕ್ಕೆ ಮೈಯ ನೀರು ಒಣಗುವುದು ವಿಷ. 2018, 2019ರ ಹಾಗೆ ಮೇ ತಿಂಗಳಲ್ಲಿ ರಮಝಾನ್ ಬಂದರೆ, ಭಟ್ಟಿಯ ಬೆಂಕಿಯ ಮುಂದೆ ನಿಂತವನ ಸ್ಥಿತಿ ಊಹಿಸಿ. ಜನರ ಬಾಯಿಗೆ ಹೆದರಿ ಮಧ್ಯಾಹ್ನದ ಮಾತ್ರೆಯನ್ನು ತಾನೇ ಬಿಟ್ಟುಬಿಡುತ್ತಾನೆ. ಹಲವರಿಗೆ ಸಹ್ರಿ ಮತ್ತು ಇಫ್ತಾರಿನಲ್ಲಿ ನುಂಗುವಂತೆ ಮಾತ್ರೆ ಹೊಂದಿಸಲು ಡಾಕ್ಟರಿಗೆ ಸಾಧ್ಯ. ಕೆಲವರಿಗೆ ರೋಝಾನೇ ಕೂಡದು, ಅವರು ಫಿದ್ಯಾ ಕೊಡಬಹುದು. ಅದನ್ನು ತೀರ್ಮಾನಿಸಬೇಕಾದವರು ಡಾಕ್ಟರು ಮತ್ತು ಆಲಿಮರು, ಓಣಿಯ ಕಟ್ಟೆಯ ಮೇಲೆ ಕೂತವರಲ್ಲ. ‘ಏಕೆ ರೋಝಾ ಇಲ್ಲ?’ ಎಂಬ ಪ್ರಶ್ನೆಯನ್ನು ನಾವು ಕೇಳದೆ ಇದ್ದರೆ ಅದೂ ಒಂದು ಪುಣ್ಯದ ಕೆಲಸವೇ.

ಹೊಸ ಔಷಧಿಯೂ ಬಂದಿದೆ. ಮಾವಕಾಮ್ಟೆನ್ ಎಂಬುದಕ್ಕೆ ಅಮೆರಿಕ 2022ರ ಏಪ್ರಿಲ್‌ನಲ್ಲಿ ಅನುಮತಿ ಕೊಟ್ಟಿತು. ಸ್ನಾಯು ಅತಿಯಾಗಿ ಹಿಂಡುವುದನ್ನು ಬುಡದಲ್ಲೇ ತಗ್ಗಿಸಲೆಂದು ತಯಾರಾದದ್ದು ಇದು. ಅಲ್ಲಿ ಅದರ ಆರಂಭದ ಬೆಲೆ ವರ್ಷಕ್ಕೆ ಸುಮಾರು 89,500 ಡಾಲರ್, ಆಗಿನ ದರದಲ್ಲಿ 65 ಲಕ್ಷ ರೂಪಾಯಿಗೂ ಹೆಚ್ಚು. ಹರಿಹರದ ಅಂಗಡಿಯವನಿಗೆ ಅದು ಔಷಧಿಯಲ್ಲ, ಸುದ್ದಿ. ಇಂಥ ಬೆಲೆಯ ನ್ಯಾಯ ಅನ್ಯಾಯ ಕೇಳಲೇಬೇಕಾದದ್ದು. ಆದರೆ ಅದನ್ನು ತೋರಿಸಿ ‘ನಮ್ಮಂಥವರಿಗೆ ಚಿಕಿತ್ಸೆಯಿಲ್ಲ’ ಎಂದು ಕೂರುವಂತಿಲ್ಲ. ನಮಗೆ ಎಟುಕುವ ಹಳೆಯ ಮಾತ್ರೆ ಇದೆ. ಒಡಹುಟ್ಟಿದವರ ಎಕೋ ಪರೀಕ್ಷೆ ಇದೆ. ಅದಕ್ಕೂ ಕೈಸಾಗದ ಬಡವರಿಗೆ ಜಮಾತಿನ ಝಕಾತ್ ಹಣ ಇದೆ. ಮದುವೆ ಮಂಟಪದ ದೀಪಕ್ಕೆ ಸುರಿಯುವ ಹಣದಲ್ಲಿ ಎಷ್ಟು ಎಕೋ ಆದೀತು ಎಂದು ಒಮ್ಮೆ ಲೆಕ್ಕ ಹಾಕಬಾರದೇ?

ಕೊನೆಯದಾಗಿ ಸತ್ತವರ ಮಾತು. ಅಕ್ಟೋಬರ್ 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಾಡಿನ ಜನ ಹೃದಯ ತಪಾಸಣೆಗೆ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಅವರ ಸಾವು ಈ ಕಾಯಿಲೆಯಿಂದ ಎಂದು ನಾವು ಹೇಳುತ್ತಿಲ್ಲ. ಒಂದು ಸಾವು ಸಾವಿರಾರು ಜನರನ್ನು ತಪಾಸಣೆಗೆ ಕಳಿಸಬಲ್ಲದು ಎಂಬುದಷ್ಟೇ ನಮ್ಮ ಮಾತು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದ ಮೇಲೆ ಸರ್ಕಾರ ತಜ್ಞರ ಸಮಿತಿ ಮಾಡಿತು. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳಲ್ಲಿ ಮರಣೋತ್ತರ ಪರೀಕ್ಷೆ ನಡೆಸುವುದಾಗಿಯೂ ಘೋಷಿಸಿತು. ನಮ್ಮಲ್ಲಿ ಇದಕ್ಕೆ ಮನಸ್ಸು ಒಪ್ಪುವುದು ಕಷ್ಟ. ಮಯ್ಯತ್ತಿಗೆ ನೋವಾಗಬಾರದು, ದಫನ್ ಬೇಗ ಆಗಬೇಕು ಎಂಬುದು ನಮ್ಮ ಸಂಸ್ಕಾರ, ಅದು ಸಣ್ಣ ಮಾತಲ್ಲ. ನಿಜವಾದ ಅಗತ್ಯವಿದ್ದಲ್ಲಿ ಇಂಥ ಪರೀಕ್ಷೆಗೆ ಅವಕಾಶವಿದೆ ಎಂದು ಹೇಳಿದ ಉಲಮಾಗಳಿದ್ದಾರೆ. ಅದನ್ನು ಒಪ್ಪದ ಮನೆಗೂ ಒಂದು ದಾರಿ ಉಳಿದಿದೆ. ಸತ್ತವರನ್ನು ಪರೀಕ್ಷಿಸಲು ಮನಸ್ಸಿಲ್ಲದಿದ್ದರೆ ಬದುಕಿರುವವರನ್ನು ಪರೀಕ್ಷಿಸಿ. ನಲವತ್ತರೊಳಗೆ ಒಬ್ಬರು ಕಾರಣವಿಲ್ಲದೆ ಕುಸಿದು ಹೋದ ಮನೆಯಲ್ಲಿ ಅವರ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳೆಲ್ಲರಿಗೂ ಒಂದು ಇಸಿಜಿ, ಒಂದು ಎಕೋ. ಅದಕ್ಕೆ ಯಾರ ಮೈಗೂ ಕತ್ತರಿ ತಾಗಬೇಕಾಗಿಲ್ಲ.

ದೇಹ ಅಲ್ಲಾಹನು ಕೊಟ್ಟ ಅಮಾನತ್ ಎಂದು ನಾವು ನಂಬಿದವರು. ದೇಹದ ಜೊತೆಗೆ ಬಂದ ಈ ಅರಿವು ಕೂಡ ಅಮಾನತ್, ಮತ್ತು ಅದು ಒಬ್ಬರಿಗಾಗಿ ಕೊಟ್ಟದ್ದಲ್ಲ. ಚೀಟಿಯಲ್ಲಿರುವ ಮಾತ್ರೆ ಆ ಹೆಸರಿನವರಿಗೆ ಮಾತ್ರ ಇರಲಿ. ಅದನ್ನು ಬೇರೆ ಯಾರೂ ನುಂಗುವುದು ಬೇಡ. ಚೀಟಿಯ ಹಿಂದಿರುವ ಸುದ್ದಿ ಮಾತ್ರ ಸಲ್ಲಬೇಕಾದವರಿಗೆಲ್ಲ ಸಲ್ಲಲಿ. ಹೇಳುವುದು ರೋಗಿಯ ಕರ್ತವ್ಯವಾದರೆ, ಹೇಳಿದವರು ಪಶ್ಚಾತ್ತಾಪ ಪಡದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕರ್ತವ್ಯ.